ಉಸ್ತಾದ್ ಕೆಂಪಯ್ಯನ ಪಥ್ಯ

ಮನುಷ್ಯನ ಮೈ ಎಂದರೆ ಅವನು ತಿಂದದ್ದೇ ಹೊರತು ಬೇರೇನಲ್ಲ ಎಂದು ಕೆಂಪಯ್ಯ ನಂಬಿದ್ದ. ಸುಣ್ಣದಕೇರಿಯ ಗರಡಿಗೆ ಅವನು ಉಸ್ತಾದ್. ಕಡ್ಡಿಯಂತೆ ಒಳಗೆ ಹೋದವರು ಅವನ ಕೈಗೆ ಸಿಕ್ಕಿ ವರ್ಷದೊಳಗೆ ಕಂಬದಂತೆ ಹೊರಗೆ ಬಂದದ್ದನ್ನು ಕೇರಿಯೇ ನೋಡಿತ್ತು. ಯಾರಿಗೆ ಹಾಲು ಹೆಚ್ಚಿಸಬೇಕು, ಯಾರಿಗೆ ತುಪ್ಪ ನಿಲ್ಲಿಸಬೇಕು, ಸಾಮು ಮಾಡಿ ಮೈ ಕಾದವನಿಗೆ ಯಾವ ಬೀಜ ನೆನೆಸಿ ಅರೆದು ಕುಡಿಸಬೇಕು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ನಮ್ಮ ಕೇರಿಯವರು ನೆಗಡಿಯಾದರೂ ಮೊದಲು ಅವನನ್ನು ಕೇಳಿ ಆಮೇಲೆ ಶುಂಠಿ ಜಜ್ಜುತ್ತಿದ್ದರು.

ಗರಡಿಯಲ್ಲಿ ಇನ್ನೊಂದು ಕಟ್ಟುಪಾಡಿತ್ತು. ಕುಸ್ತಿ ಹಿಡಿಯುವವನು ಹೆಂಡತಿಯಿಂದ ದೂರವಿರಬೇಕು, ರಾತ್ರಿ ಗರಡಿಯಲ್ಲೇ ಚಾಪೆ ಹಾಸಬೇಕು. ಮೀಸೆ ಮೂಡುವ ವಯಸ್ಸಿನಲ್ಲಿ ಕೆಂಪಯ್ಯ ಹನುಮಂತದೇವರ ಎದುರಿಗೆ ಹಾಗೆಂದು ಆಣೆಯಿಟ್ಟಿದ್ದ. ಮದುವೆಯಾಯಿತು, ಆಣೆ ಹಾಗೇ ಉಳಿಯಿತು. ಆಮೇಲೆ ಮಂಡಿ ತಿರುಚಿಕೊಂಡು ಕುಸ್ತಿ ಬಿಟ್ಟ. ಆಗಲಾದರೂ ಮನೆಗೆ ಬಂದು ಮಲಗಬಹುದಿತ್ತು, ಬರಲಿಲ್ಲ. ಹುಡುಗರಿಗೊಂದು ಹೇಳಿ ತಾನೊಂದು ಮಾಡಿದರೆ ಉಸ್ತಾದ್‌ಗಿರಿ ಉಳಿಯುತ್ತದೆಯೇ ಎನ್ನುತ್ತಿದ್ದ. ಉಣ್ಣುವ ಹೊತ್ತಿಗೆ ಮನೆಗೆ ಬರುವುದು, ಕೈ ತೊಳೆದು ಹೆಗಲ ವಸ್ತ್ರದಲ್ಲಿ ಮೀಸೆ ಒರೆಸಿಕೊಂಡು ಹೊರಡುವುದು, ಇಷ್ಟೇ ಅವನ ಸಂಸಾರ. ಇಂಥ ನಿಷ್ಠೆ ಎಲ್ಲಿದೆ ಎಂದು ಕೇರಿಯ ಗಂಡಸರು ಹೊಗಳುತ್ತಿದ್ದರು. ಹೆಂಗಸರು ಏನೂ ಹೇಳುತ್ತಿರಲಿಲ್ಲ.

ಅವನ ಹೆಂಡತಿ ಪುಟ್ಟತಾಯಮ್ಮ ವರುಣದ ಕಡೆಯ ಒಕ್ಕಲು ಮನೆತನದವಳು. ಎತ್ತರದ ಆಳು, ನಗು ಜಾಸ್ತಿ, ಮಾತು ಕಡಿಮೆ. ಗಂಡ ಮಲಗುವ ಗರಡಿ ಎರಡು ಬೀದಿ ಆಚೆಗಿದ್ದರೂ ಅದರ ಒಳಗು ಹೇಗಿದೆ ಎಂದು ಅವಳು ನೋಡಿದವಳಲ್ಲ. ಹೆಂಗಸರು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಮಕ್ಕಳಿರಲಿಲ್ಲ, ಅದಕ್ಕೆ ಕಾರಣ ಕೇಳುವಷ್ಟು ದಡ್ಡರು ಕೇರಿಯಲ್ಲಿ ಯಾರೂ ಇರಲಿಲ್ಲ. ಅವಳು ಮುದ್ದೆ ತೊಳಸುತ್ತ, ಅವನು ಉಂಡೆದ್ದು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡುತ್ತ ವಯಸ್ಸು ಕಳೆದಳು. ಜಗಳ ಮಾಡುವ ಹೆಂಗಸಾಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಲವತ್ತೊಂಬತ್ತನೆಯ ಇಸವಿಯ ಸಂಕ್ರಾಂತಿಯ ಹೊತ್ತಿಗೆ ಅವಳ ಮೈಯಲ್ಲಿ ಏನೋ ಕೆಟ್ಟಿತು. ಎಲ್ಲರೂ ಕಂಬಳಿ ಹೊದ್ದು ಕೂತಿರುವ ಬೆಳಗಿನಲ್ಲಿ ಅವಳು ಒದ್ದೆ ಬಟ್ಟೆಯನ್ನು ಕತ್ತಿಗೆ ಸುತ್ತಿಕೊಂಡು ಬೆವರುತ್ತಿದ್ದಳು. ರಂಗೋಲಿಯ ಗೆರೆ ಇರುವೆ ಸಾಲಿನಂತೆ ಅಂಕುಡೊಂಕಾಗತೊಡಗಿತು. ಗಂಡನಿಗೆ ಸಾರು ಬಡಿಸುವಾಗ ಸೌಟು ತಟ್ಟೆಯ ಅಂಚಿಗೆ ತಗುಲಿ ಟಕಟಕ ಎನ್ನುತ್ತಿತ್ತು. ಇದೆಲ್ಲಕ್ಕಿಂತ ವಿಚಿತ್ರವೆಂದರೆ ಹಸಿವು. ಅವನ ತಟ್ಟೆಗೆ ಹಾಕುವಷ್ಟೇ ದೊಡ್ಡ ಮುದ್ದೆ ಅವಳೂ ಉಣ್ಣುತ್ತಿದ್ದಳು, ಅದು ಸಾಲದೆ ನಡುವೆ ಹುರಿಗಡಲೆ ಮುಕ್ಕುತ್ತಿದ್ದಳು, ಆದರೂ ಮೈ ಇಳಿದು ಬಳೆ ಮೊಣಕೈವರೆಗೆ ಜಾರುತ್ತಿತ್ತು. ಕಣ್ಣು ಮಾತ್ರ ದೊಡ್ಡದಾಗಿ ಮುಂದಕ್ಕೆ ಬಂದು, ಯಾವಾಗಲೂ ಏನೋ ಕಂಡು ಬೆಚ್ಚಿದವಳ ಹಾಗೆ ಕಾಣುತ್ತಿತ್ತು.

ಕೆಂಪಯ್ಯ ಇದನ್ನು ನೋಡಿದ್ದು ತಡವಾಗಿ. ದಿನಕ್ಕೆ ಎರಡು ಸಲ ತಟ್ಟೆಯ ಮುಂದೆ ಕೂತು ಹೋಗುವವನಿಗೆ ತಟ್ಟೆ ಕಾಣುತ್ತದೆ, ಬಡಿಸುವವಳು ಕಾಣುವುದಿಲ್ಲ. ಕತ್ತಿನ ಮುಂಭಾಗ ಊದಿದ್ದು ಕಂಡಾಗಲೂ ಅವನಿಗೆ ಹೆದರಿಕೆಯಾಗಲಿಲ್ಲ. ಗರಡಿಯವರಿಗೆ ಕತ್ತು ದಪ್ಪಗಾಗುವುದೆಂದರೆ ಸಂತೋಷ. ಅವನಿಗೆ ಚುಚ್ಚಿದ್ದು ಗರಡಿಯ ಹಳೆಯ ಜೊತೆಗಾರ ಕಾಳಯ್ಯ ನಗುತ್ತ ಆಡಿದ ಮಾತು.

"ಉಸ್ತಾದ್, ಊರೋರ್ನೆಲ್ಲ ಬೆಳೆಸ್ತೀರಿ. ನಿಮ್ಮನೆಯೋರು ಯಾಕೆ ಅಂಗಾಗವ್ರೆ?"

ಆ ಮಾತು ಒಳಗೆ ಕೂತಿತು. ತನ್ನ ಮನೆಯಲ್ಲೇ ಊಟ ಮೈಗೆ ಹತ್ತುತ್ತಿಲ್ಲ ಎಂದರೆ ಅವನ ವಿದ್ಯೆಗೇ ಅವಮಾನ.

ಆಸ್ಪತ್ರೆಯ ಮಾತೆತ್ತಿದ್ದು ಪಕ್ಕದ ಮನೆಯ ಭಾಗ್ಯಮ್ಮ. ಕೆಂಪಯ್ಯನಿಗಿಂತ ಹಿರಿಯಳು, ಬಾಯಿ ಜೋರು, ಆ ಉಸ್ತಾದನನ್ನು ಏಕವಚನದಲ್ಲಿ ಕರೆಯುವ ಒಬ್ಬಳೇ ಹೆಂಗಸು. ಅವನು ಉಂಡು ಹೊರಡುವಾಗ ಜಗಲಿಯಲ್ಲೇ ಅಡ್ಡ ಹಾಕಿದಳು.

"ಕೆಂಪಯ್ಯ, ಅವಳ ಎದೆ ಹೊಡ್ಕೊಳೋದು ಕುಪ್ಪಸದ ಮೇಲೇ ಕಾಣ್ತದೆ ಕಣಪ್ಪ. ನಿನ್ ಕಣ್ಗೆ ಏನಾಗದೆ?"

"ಉಷ್ಣ ಆಗದೆ ಅಕ್ಕ. ಮೈ ಕಾದದೆ. ನಾನು ನೋಡ್ಕತೀನಿ ಬುಡು."

"ನೋಡ್ಕೊಂಡಿದ್ದು ಸಾಕು. ನಾಳೆ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗು. ಇಲ್ದಿದ್ರೆ ನಾನೇ ನಿನ್ ಗರಡಿ ಒಳಕ್ಕೆ ಬಂದು ಕೂಗ್ತೀನಿ."

ಹೆಂಗಸೊಬ್ಬಳು ಗರಡಿಯೊಳಕ್ಕೆ ನುಗ್ಗುವುದಕ್ಕಿಂತ ಆಸ್ಪತ್ರೆಯೇ ವಾಸಿ ಎಂದು ಅವನು ಒಪ್ಪಿದ.

ಡಾಕ್ಟರು ಸಮಾಧಾನದ ಮನುಷ್ಯ. ಪುಟ್ಟತಾಯಮ್ಮನನ್ನು ಕೂರಿಸಿ, ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ, ಬೆರಳ ಮೇಲೊಂದು ಕಾಗದದ ಹಾಳೆ ಇಟ್ಟರು. ಕಿಟಕಿ ಮುಚ್ಚಿದ್ದರೂ ಹಾಳೆ ಗಾಳಿಗೆ ಸಿಕ್ಕ ಎಲೆಯಂತೆ ಪಟಪಟನೆ ಅಲುಗಿತು. ಅವಳಿಗೆ ನಾಚಿಕೆಯಾಗಿ ಕೈ ಹಿಂದಕ್ಕೆ ಎಳೆದುಕೊಂಡಳು. ಡಾಕ್ಟರು ಕತ್ತು ಮುಟ್ಟಿ ನೋಡಿ, ನಾಡಿ ಹಿಡಿದು, ಕೊನೆಗೆ ಇಬ್ಬರಿಗೂ ಕೇಳುವಂತೆ ಹೇಳಿದರು.

"ಗಂಟಲಲ್ಲಿ ಥೈರಾಯಿಡ್ ಅಂತ ಒಂದು ಗ್ರಂಥಿ ಇದೆ. ಮೈಯೊಳಗಿನ ಒಲೆಗೆ ಸೌದೆ ಹಾಕೋದು ಅದರ ಕೆಲಸ. ಈಗ ಅದು ಹದ್ದು ಮೀರಿ ಸೌದೆ ತುಂಬ್ತಾ ಇದೆ. ಇವರು ತಿಂದದ್ದೆಲ್ಲ ಉರಿದು ಹೋಗ್ತಿದೆ. ಆಪರೇಷನ್ ಮಾಡಿ ಅದರಲ್ಲಿ ಹೆಚ್ಚಿನ ಭಾಗ ತೆಗೆಯಬೇಕು."

"ಗಂಟ್ಲು ಕುಯ್ಯೋದಾ?" ಎಂದ ಕೆಂಪಯ್ಯ.

"ಹೌದು. ಅದಕ್ಕೆ ಮುಂಚೆ ಅಯೋಡಿನ್ ಹನಿ ಕೊಡ್ತೀನಿ, ನೀರಲ್ಲಿ ಹಾಕಿ ಕುಡಿಸಿ. ಒಂದು ಹತ್ತು ಹದಿನೈದು ದಿನ. ಆಗ ನಡುಕ ನಿಲ್ಲುತ್ತೆ, ಮೈ ತುಂಬಿಕೊಳ್ಳುತ್ತೆ, ಗುಣವಾಯ್ತು ಅಂತಲೇ ಅನ್ಸುತ್ತೆ. ನಂಬಬೇಡಿ. ಅದು ಬರೀ ಸ್ವಲ್ಪ ದಿನದ ಗುಣ. ಅದು ಇರುವಾಗಲೇ ಕರ್ಕೊಂಡು ಬರಬೇಕು. ತಡ ಮಾಡಿದ್ರೆ ಕಾಯಿಲೆ ಮತ್ತೆ ಬರುತ್ತೆ, ಬಂದಾಗ ಹೃದಯ ಹಿಡಿಯುತ್ತೆ. ಹೊರದೇಶದಲ್ಲಿ ಮಾತ್ರೆ ಬಂದಿದೆಯಂತೆ, ನಮ್ಮ ಕೈಗೆ ಇನ್ನೂ ಸಿಕ್ಕಿಲ್ಲ."

"ಊಟ ಏನು ಕೊಡ್ಬೇಕು ಸ್ವಾಮಿ?"

"ಹೊಟ್ಟೆ ತಡೆಯುವಷ್ಟು ಚೆನ್ನಾಗಿ ಕೊಡಿ. ಹಾಲು, ಮೊಸರು, ಅನ್ನ, ಹಣ್ಣು. ಮೈ ಸವೆದಿದೆ. ಆದರೆ ಊಟದಿಂದ ವಾಸಿಯಾಗೋ ಕಾಯಿಲೆಯಲ್ಲ ಇದು."

ಕೆಂಪಯ್ಯ ಆ ಉತ್ತರದ ಮೊದಲ ಅರ್ಧವನ್ನು ಮಾತ್ರ ಮನೆಗೆ ತಂದ. ದಾರಿಯುದ್ದಕ್ಕೂ ಗೊಣಗಿದ. ಮೈ ಕಾದವರಿಗೆ ತಂಪು ಕೊಡಬೇಕು, ಸವೆದವರಿಗೆ ಪುಷ್ಟಿ ಕೊಡಬೇಕು, ಇದಕ್ಕೆ ಕತ್ತಿ ಯಾಕೆ? ಆದರೂ ಭಾಗ್ಯಮ್ಮನ ಬಾಯಿಗೆ ಹೆದರಿ, ಹನಿಯ ಸೀಸೆಯನ್ನು ಹೆಂಡತಿಯ ಕೈಯಲ್ಲಿಟ್ಟು, ಹನಿ ನೀನು ಕುಡಿದುಕೋ, ಊಟದ ಉಸ್ತುವಾರಿ ನನಗೆ ಬಿಡು ಎಂದ. ಹದಿನೈದು ದಿನದಲ್ಲಿ ತಾನೇ ಎಬ್ಬಿಸಿ ನಿಲ್ಲಿಸುತ್ತೇನೆ, ಆಮೇಲೆ ಡಾಕ್ಟರೇ ಕತ್ತಿ ಒಳಗಿಡಲಿ ಎಂದ.

ಮಾರನೆಯ ದಿನ ಬೆಳಗ್ಗೆ ಗರಡಿಯ ಚಾಪೆ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಗರಡಿಯನ್ನು ಕಾಳಯ್ಯನಿಗೆ ಒಪ್ಪಿಸಿ, ಇವಳು ಎದ್ದು ಓಡಾಡುವ ಹಾಗಾಗುವವರೆಗೆ ಅಷ್ಟೇ, ಆಮೇಲೆ ಬಂದುಬಿಡುತ್ತೇನೆ ಎಂದು ಹೇಳಿ ಬಂದಿದ್ದ. ಬಾಗಿಲಲ್ಲಿ ಚಾಪೆ ಸಮೇತ ನಿಂತ ಗಂಡನನ್ನು ಕಂಡು ಪುಟ್ಟತಾಯಮ್ಮ ಒಳಗೆ ಓಡಿದಳು. ಹೊಸದಾಗಿ ಬಂದ ನೆಂಟನಿಗೆ ಕೊಡುವ ಹಾಗೆ ಕಾಲಿಗೆ ನೀರು ತಂದುಕೊಟ್ಟಳು.

ಆಮೇಲೆ ಶುರುವಾಯಿತು ಅವನ ಪಥ್ಯ. ದೇವರಾಜ ಮಾರುಕಟ್ಟೆಯಿಂದ ಬಾದಾಮಿ ತಂದ, ದೇಶ ಇಬ್ಭಾಗವಾದ ಮೇಲೆ ಅದರ ಬೆಲೆ ಕೇಳುವಂತಿರಲಿಲ್ಲ, ಆದರೂ ತಂದ. ಸಂಜೆ ನೆನೆಹಾಕಿ, ಬೆಳಗ್ಗೆ ಒಂದೊಂದರ ಸಿಪ್ಪೆಯನ್ನೂ ಉಗುರಿನಲ್ಲಿ ಸುಲಿದು, ಗಸಗಸೆ, ಸೌತೆಬೀಜ, ಸೋಂಪು ಸೇರಿಸಿ ಒರಳಿನಲ್ಲಿ ತಾನೇ ಅರೆಯುತ್ತಿದ್ದ. ಅದಕ್ಕೆ ಹಾಲು, ಕಲ್ಲುಸಕ್ಕರೆ, ಮೇಲೆ ಒಂದು ದೊಡ್ಡ ಚಮಚ ಬೆಣ್ಣೆ. ಪೈಲ್ವಾನರು ಕುಡಿಯುವ ಹಿತ್ತಾಳೆ ಚೊಂಬಿನ ತುಂಬ. ಮಧ್ಯಾಹ್ನಕ್ಕೆ ಎಳನೀರು, ಹೆಸರುಬೇಳೆ, ಗಟ್ಟಿ ಮೊಸರು. ಸಂಜೆ ಅಂಗಾಲಿಗೆ ಹರಳೆಣ್ಣೆ ತಿಕ್ಕುವುದು. ಖಾರ ಬಂದ್, ಹುರುಳಿ ಬಂದ್, ಎಳ್ಳು ಬಂದ್. ಕುಸ್ತಿಗೆ ಹುಡುಗನನ್ನು ಅಣಿ ಮಾಡುವ ಹಾಗೇ ಹೆಂಡತಿಯನ್ನು ಅಣಿ ಮಾಡಲು ಕೂತ.

"ಪೂರ್ತಿ ಕುಡೀಬೇಕು. ತಳದಲ್ಲಿ ಬುಟ್ರೆ ಸುಮ್ಕಿರಲ್ಲ."

"ಇಷ್ಟೊಂದಾ? ನಾನೇನು ಈ ಸಲ ದಸರಾ ಕುಸ್ತಿಗೆ ಇಳೀಬೇಕಾ?"

"ಇಳಿಸ್ತೀನಿ, ನೋಡ್ತಿರು."

ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವನು ಅರೆಯುತ್ತ ಕೂತರೆ ಅವಳು ಕಂಬಕ್ಕೆ ಒರಗಿ ನೋಡುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವನ ಎಡಗಿವಿಯ ಹಿಂದೆ ಮಚ್ಚೆಯಿರುವುದು ಅವಳಿಗೆ ಆಗ ತಿಳಿಯಿತು. ಅವಳಿಗೆ ಮೂರು ಜನ ಅಣ್ಣಂದಿರು, ಚಿಕ್ಕವಳಾಗಿದ್ದಾಗ ಮರ ಹತ್ತುತ್ತಿದ್ದಳು, ಕತ್ತಲಲ್ಲಿ ಒಬ್ಬಳೇ ಮಲಗಲು ಮೊದಲ ವರ್ಷವೆಲ್ಲ ಹೆದರುತ್ತಿದ್ದಳು ಎಂಬುದು ಅವನಿಗೂ ಆಗಲೇ ತಿಳಿಯಿತು. ಕೊನೆಯದನ್ನು ಅವಳು ನಗುತ್ತಲೇ ಹೇಳಿದಳು. ಅವನು ಒರಳಿನ ಗುಂಡು ನಿಲ್ಲಿಸಿ, ಆಗ ಹೇಳಬಾರದಿತ್ತಾ ಎಂದು ಕೇಳಿ, ಮತ್ತೆ ಅರೆಯತೊಡಗಿದ.

ವಾರ ಕಳೆಯುವಷ್ಟರಲ್ಲಿ ನಡುಕ ತಗ್ಗಿತು. ಬೆವರು ನಿಂತಿತು. ಎರಡನೆಯ ವಾರಕ್ಕೆ ರಂಗೋಲಿಯ ಗೆರೆ ನೆಟ್ಟಗಾಯಿತು, ಕೆನ್ನೆ ಸ್ವಲ್ಪ ತುಂಬಿತು. ಕೆಂಪಯ್ಯನಿಗೆ ಹಿಗ್ಗಿನಲ್ಲಿ ನೆಲ ಕಾಣದಾಯಿತು. ಅವಳನ್ನು ಸಂತೆಪೇಟೆಯ ಮಹದೇವಪ್ಪನ ಮಂಡಿಗೆ ಕರೆದುಕೊಂಡು ಹೋಗಿ, ರಾಗಿ ಮೂಟೆ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಿದ. ಅವಳು ಹಗ್ಗ ಹಿಡಿದುಕೊಂಡು, ಬಿದ್ದೋಗ್ತೀನಿ ಇಳಿಸಿ ಎಂದು ನಗುತ್ತಿದ್ದರೆ, ಮಂಡಿಯ ಹಮಾಲಿಗಳೆಲ್ಲ ಸುತ್ತ ಸೇರಿದರು. ಆಸ್ಪತ್ರೆಯಲ್ಲಿ ತೂಗಿದ್ದಕ್ಕಿಂತ ಮೇಲೆ ಬಂದಿತ್ತು. ಬಾದಾಮಿಯ ಮಹಿಮೆ ಎಂದು ಕೆಂಪಯ್ಯ ಮಂಡಿಯಲ್ಲೇ ಭಾಷಣ ಮಾಡಿದ. ಸಂಜೆಯೊಳಗೆ ಕೇರಿಯೆಲ್ಲ ಸುದ್ದಿ. ಮೈ ಹತ್ತದ ಮಕ್ಕಳ ತಾಯಂದಿರು ಪಥ್ಯ ಕೇಳಿಕೊಂಡು ಬರತೊಡಗಿದರು.

ಆಸ್ಪತ್ರೆಗೆ ಸೇರಬೇಕಾದ ದಿನ ಬಂತು. ಪುಟ್ಟತಾಯಮ್ಮ ತಲೆಗೆ ಎರೆದುಕೊಂಡು, ಎರಡು ಸೀರೆ, ಒಂದು ಲೋಟ, ಬಾಚಣಿಗೆ ಗಂಟು ಕಟ್ಟಿ ಗೋಡೆಯ ಪಕ್ಕ ಇಟ್ಟಿದ್ದಳು. ಕೆಂಪಯ್ಯ ಒರಳಿನ ಮುಂದೆ ಕೂತೇ ಇದ್ದ.

"ಎಲ್ಲಿಗೆ ಹೊಂಟೆ?"

"ಇವತ್ತು ಬರೋಕೆ ಹೇಳಿದ್ರಲ್ಲ ಡಾಕ್ಟ್ರು."

"ಕೈ ಚಾಚು." ಅವಳು ಚಾಚಿದಳು. ಅವನು ತೊಳೆದ ಬಾದಾಮಿಯೊಂದನ್ನು ಅವಳ ಬೆರಳ ಮೇಲಿಟ್ಟ. ಅದು ಅಲುಗಲಿಲ್ಲ. "ನೋಡ್ದಾ? ಇನ್ನು ಕುಯ್ಯೋಕೆ ಏನದೆ ಅಲ್ಲಿ? ಡಾಕ್ಟ್ರು ಅವರ ಕಸುಬು ಹೇಳಿದ್ರು. ನಂದು ನಾನು ಮಾಡಿ ತೋರ್ಸಿದೀನಿ. ಗಂಟ್ಲಿಗೆ ಕತ್ತಿ ಹಾಕ್ಸೋಕೆ ನನ್ ಮನಸ್ಸು ಒಪ್ಪಲ್ಲ ಕಣಮ್ಮಿ."

ಪುಟ್ಟತಾಯಮ್ಮ ಗಂಟಿನ ಕಡೆ ನೋಡಿದಳು, ಅವನ ಕಡೆ ನೋಡಿದಳು. ಅವಳು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಡಾಕ್ಟರು ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು, ಅವಳೇನು ಮರೆಯುವ ಹೆಂಗಸಲ್ಲ. ಆದರೆ ಅವಳು ಬಗ್ಗಿ ಗಂಟು ಬಿಚ್ಚಿ, ಸೀರೆಗಳನ್ನು ಮತ್ತೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

"ನಿಮ್ಮಿಷ್ಟ," ಎಂದಳು.

ಭಾಗ್ಯಮ್ಮ ಬೈದಳು. ಆದರೆ ಅವಳಿಗೂ ಪುಟ್ಟತಾಯಮ್ಮನ ತುಂಬಿದ ಕೆನ್ನೆ ಕಾಣುತ್ತಿತ್ತು, ಮೇಲಾಗಿ ಮಗಳು ಹೆತ್ತು ಬಾಣಂತನಕ್ಕೆ ಬಂದು ಮನೆಯಲ್ಲಿದ್ದಳು, ಬೈಯಲು ಪುರುಸೊತ್ತೂ ಇರಲಿಲ್ಲ. ಹೀಗೆ ಆ ದಿನ ಕಳೆದುಹೋಯಿತು.

ಅದರ ಹಿಂದೆ ಬಂದ ಒಂದಷ್ಟು ವಾರ ಆ ಮನೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೆಂಪಯ್ಯ ಗರಡಿಗೆ ವಾಪಸು ಹೋಗುವ ಮಾತಾಡುತ್ತಿದ್ದ, ಆದರೆ ಪಥ್ಯ ಇನ್ನೂ ಸ್ವಲ್ಪ ದಿನ ಗಟ್ಟಿಯಾಗಲಿ ಎಂದು ಮುಂದೂಡುತ್ತಿದ್ದ. ಭಾನುವಾರ ಇಬ್ಬರೂ ಬೆಟ್ಟದ ಕಡೆ ನಡೆದು ಹೋಗಿ ಪಾದದ ಹತ್ತಿರ ಕೂತು ಬಂದರು. ಅವಳಿಗೆ ಮಲ್ಲಿಗೆ ತಂದ. ತರುವಾಗ ಎಲೆಯ ಪೊಟ್ಟಣವನ್ನು ಕದ್ದ ಮಾಲಿನಂತೆ ವಸ್ತ್ರದಲ್ಲಿ ಮುಚ್ಚಿಕೊಂಡು ಬಂದದ್ದನ್ನು ಕಂಡು ಕೇರಿಯ ಹೆಂಗಸರು ತಿಂಗಳುಗಟ್ಟಲೆ ನಕ್ಕರು. ರಾತ್ರಿ ಅವನ ಗೊರಕೆಗೆ ನಿದ್ದೆ ಬರುವುದಿಲ್ಲ ಎಂದು ಪುಟ್ಟತಾಯಮ್ಮ ನಲ್ಲಿಯ ಹತ್ತಿರ ದೂರಿದಳು. ಹಾಗೆ ದೂರುವಾಗ ಅವಳ ಮುಖದಲ್ಲಿದ್ದ ಬೆಳಕನ್ನು ನಾನು ಇನ್ನಾರ ಮುಖದಲ್ಲೂ ನೋಡಿಲ್ಲ.

ಡಾಕ್ಟರು ಹೇಳಿದಂತೆಯೇ ಕಾಯಿಲೆ ತಿರುಗಿ ಬಂತು. ಯುಗಾದಿ ಕಳೆದು ಬಿಸಿಲು ಏರುತ್ತಿದ್ದಂತೆ ಬೆರಳು ಮತ್ತೆ ನಡುಗಿತು. ಸೀಸೆಯಲ್ಲಿ ಉಳಿದ ಹನಿಯನ್ನೂ, ತರಿಸಿದ ಇನ್ನೊಂದು ಸೀಸೆಯನ್ನೂ ಅವಳು ಕುಡಿದು ಮುಗಿಸಿದಳು, ಈ ಸಲ ಅದು ಕೆಲಸ ಮಾಡಲಿಲ್ಲ. ಕೆಂಪಯ್ಯ ಎದೆಗುಂದದೆ ಬಾದಾಮಿ ಹೆಚ್ಚಿಸಿದ, ಬೆಣ್ಣೆ ಹೆಚ್ಚಿಸಿದ, ಲಾವಂಚದ ಬೇರು ಹಾಕಿದ ನೀರು ಕುಡಿಸಿದ, ತಲೆಗೆ ಬೆಣ್ಣೆ ತಟ್ಟಿದ. ಬಿಸಿಲು ಕಾರಣ ಎಂದ. ಮಳೆ ಬಂದರೆ ಸರಿಹೋಗುತ್ತದೆ ಎಂದ. ಭಾಗ್ಯಮ್ಮ ಆಸ್ಪತ್ರೆ ಎಂದಾಗಲೆಲ್ಲ, ಒಂದು ಸಲ ಎಬ್ಬಿಸಿದವನಿಗೆ ಇನ್ನೊಂದು ಸಲ ಎಬ್ಬಿಸಲು ಬರುವುದಿಲ್ಲವೇ ಎಂದ. ಆ ಗೆಲುವೇ ಅವನಿಗೆ ಮುಳುವಾಯಿತು. ಗೆಲ್ಲದೆ ಇದ್ದಿದ್ದರೆ ಹೆದರಿ ಆಸ್ಪತ್ರೆಗೆ ಓಡುತ್ತಿದ್ದ.

ಮಳೆ ಬಂತು, ಸರಿಹೋಗಲಿಲ್ಲ. ಜ್ಯೇಷ್ಠದ ಒಂದು ಬೆಳಗ್ಗೆ ಬಿಂದಿಗೆ ಎತ್ತಲು ಬಗ್ಗಿದ ಪುಟ್ಟತಾಯಮ್ಮ ಹಾಗೇ ಕೂತಳು, ಮೇಲೇಳಲಾಗಲಿಲ್ಲ. ಕಾಲು ಬಾತುಕೊಂಡಿತ್ತು. ಉಸಿರು ಮೇಲಕ್ಕೆ ಸಿಕ್ಕಿಕೊಂಡಿತ್ತು. ಕೆಂಪಯ್ಯ ಜಟಕಾಗಾಡಿಗೂ ಕಾಯದೆ ಅವಳನ್ನು ತೋಳಲ್ಲಿ ಎತ್ತಿಕೊಂಡು ದೊಡ್ಡಾಸ್ಪತ್ರೆಯವರೆಗೂ ನಡೆದ. ಕುಂಟುಮಂಡಿಯ ಮನುಷ್ಯ, ಎಲ್ಲೂ ಇಳಿಸಲಿಲ್ಲ. ಅವಳಲ್ಲಿ ಇಳಿಸಬೇಕಾದಷ್ಟು ಭಾರವೂ ಇರಲಿಲ್ಲ.

ಅದೇ ಡಾಕ್ಟರು. ಎದೆ ಪರೀಕ್ಷಿಸಿ, ಬಾತ ಕಾಲನ್ನು ಬೆರಳಲ್ಲಿ ಒತ್ತಿ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಕೆಂಪಯ್ಯನಿಗೆ ಸುಲಭವಾಗುತ್ತಿತ್ತು.

"ಆಪರೇಷನ್ ಮಾಡಿ ಸ್ವಾಮಿ," ಎಂದ ಅವನೇ. "ಎಲ್ಲಿ ಬೇಕಾದ್ರೂ ಕುಯ್ಯಿರಿ. ನಾನು ಒಪ್ಕೊಂಡಿದೀನಿ."

"ಈಗ ಆಗೋದಿಲ್ಲಪ್ಪ. ಹೃದಯ ಸೋತಿದೆ. ಮೇಜಿನ ಮೇಲೆ ಮಲಗಿಸಿದರೆ ಮತ್ತೆ ಏಳಲ್ಲ. ಅವತ್ತು ಕರ್ಕೊಂಡು ಬರಬೇಕಿತ್ತು."

ಕೆಲವು ದಿನ ಅಲ್ಲಿಟ್ಟುಕೊಂಡು, ಬಾವು ಇಳಿಸಿ, ಇನ್ನು ಮನೆಯಲ್ಲಿ ನೋಡಿಕೊಳ್ಳಿ, ಬೇಕಾದ್ದು ಕೊಡಿ, ಆಯಾಸ ಮಾಡಿಸಬೇಡಿ ಎಂದು ಕಳಿಸಿದರು. ಆ ಮಾತಿನ ಅರ್ಥ ಕೇರಿಯಲ್ಲಿ ಎಲ್ಲರಿಗೂ ಆಯಿತು. ಕೆಂಪಯ್ಯನಿಗೆ ಮಾತ್ರ ಆಗಲಿಲ್ಲ, ಅಥವಾ ಆಗದವನಂತೆ ಇದ್ದ. ಮನೆಗೆ ಬಂದ ಮಾರನೆಯ ಬೆಳಗ್ಗೆ ಎಂದಿನ ಎರಡರಷ್ಟು ಬಾದಾಮಿ ಸುಲಿದುಕೊಂಡು ಒರಳಿನ ಮುಂದೆ ಕೂತ. ಪುಟ್ಟತಾಯಮ್ಮ ಗೋಡೆಗೆ ದಿಂಬು ಕೊಟ್ಟು ಒರಗಿದ್ದಳು. ಭಾಗ್ಯಮ್ಮ ಹೊಸ್ತಿಲ ಹತ್ತಿರ ಮೊಮ್ಮಗನನ್ನು ಕಾಲಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದಳು.

"ಪ್ರಮಾಣ ಕಮ್ಮಿ ಆಗಿತ್ತು ಅಕ್ಕ," ಎಂದ ಕೆಂಪಯ್ಯ, ಭಾಗ್ಯಮ್ಮನಿಗೆ. "ಮೊದಲ್ನೇ ಸಲ ಎಂಗೆ ಎದ್ಲು ನೋಡಿದ್ಯಲ್ಲ. ಅದೇ ಬಾದಾಮಿ. ಈಗ ಡಬಲ್ ಮಾಡ್ತೀನಿ."

ಭಾಗ್ಯಮ್ಮ ತಲೆ ತಗ್ಗಿಸಿದಳು. ಅವಳು ಹಾಗೆ ತಲೆ ತಗ್ಗಿಸುವವಳಲ್ಲ.

"ಅರೀಬೇಡಿ," ಎಂದಳು ಪುಟ್ಟತಾಯಮ್ಮ.

"ಸುಮ್ಕಿರು ನೀನು. ಆಯಾಸ ಮಾಡ್ಕೋಬೇಡ."

"ನಾನು ಅದನ್ನ ಕುಡೀತಿರ್ಲಿಲ್ಲ ಕಣ್ರೀ."

ಗುಂಡು ನಿಂತಿತು.

"ಮೊದ್ಲು ಒಂದೆರಡು ದಿನ ಕುಡಿದೆ. ಬೆಣ್ಣೆ ಹೊಟ್ಟೇಲಿ ನಿಲ್ತಿರ್ಲಿಲ್ಲ, ಕುಡಿದ್ರೆ ಹಿತ್ತಲಿಗೆ ಓಡ್ಬೇಕಾಗ್ತಿತ್ತು. ನೀವು ಕೈ ತೊಳೆಯೋಕೆ ಹೋದಾಗ ಗೋಡೆ ಮೇಲಿಂದ ಅಕ್ಕನ ಮಗಳಿಗೆ ಕೊಡ್ತಿದ್ದೆ. ಬಾಣಂತಿ, ಅವಳಿಗೆ ಒಗ್ತು. ಅಕ್ಕ ಬೇಡ ಅಂದ್ರು, ನಾನೇ ಬಲವಂತ ಮಾಡಿ, ನಿಮ್ಗೆ ಹೇಳ್ಬಾರ್ದು ಅಂತ ಆಣೆ ಹಾಕ್ಸಿದ್ದೆ."

ಕೆಂಪಯ್ಯ ಭಾಗ್ಯಮ್ಮನ ಕಡೆ ನೋಡಿದ. ಅವಳ ಕಾಲಮೇಲಿನ ಮಗು ಗುಂಡುಗುಂಡಾಗಿ, ಮಣಿಕಟ್ಟಿನಲ್ಲಿ ಮಡಿಕೆ ಬಿದ್ದು, ಗರಡಿಗೆ ಹುಟ್ಟಿದ ಹಾಗಿತ್ತು.

"ಅಂಗಾರೆ ನೀನು ಎದ್ದಿದ್ದು?"

"ಆ ಹನಿಯಿಂದ. ಡಾಕ್ಟ್ರು ಹೇಳಿದ್ರಲ್ಲ."

ಅವನು ಒರಳಿನ ಒಳಗೆ ನೋಡಿದ. ಮಂಡಿಯ ತಕ್ಕಡಿ, ಭಾಷಣ, ಪಥ್ಯ ಕೇಳಿ ಬಂದ ತಾಯಂದಿರು, ಬೆರಳ ಮೇಲೆ ಅಲುಗದೆ ನಿಂತ ಬಾದಾಮಿ, ಎಲ್ಲವೂ ಅವನ ತಲೆಯಲ್ಲಿ ಸುತ್ತಿರಬೇಕು. ಆಮೇಲೆ ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲು ಕಷ್ಟವಾಗಿತ್ತು ಎಂದು ಭಾಗ್ಯಮ್ಮ ಆಮೇಲೆ ಹೇಳಿದಳು.

"ಎಲ್ಲಾ ಗೊತ್ತಿದ್ದೂ ಅವತ್ತು ಯಾಕಮ್ಮಿ ಗಂಟು ಬಿಚ್ಚಿದೆ? ಹೋಗಣ ಅಂತ ಒಂದು ಮಾತು ಅಂದಿದ್ರೆ, ಬೈದಾದ್ರೂ ಕರ್ಕೊಂಡೋಗ್ತಿದ್ನಲ್ಲ."

ಪುಟ್ಟತಾಯಮ್ಮ ಉಸಿರು ಸುಧಾರಿಸಿಕೊಂಡಳು.

"ಆಪರೇಷನ್ ಆಗಿ ಪೂರ್ತಿ ವಾಸಿಯಾದ್ರೆ ನೀವು ಗರಡಿಗೆ ಹೊಂಟೋಗ್ತಿದ್ರಿ."

ಹೊರಗೆ ಸೋನೆ ಹಿಡಿದಿತ್ತು. ಭಾಗ್ಯಮ್ಮ ಮಗುವನ್ನು ಎತ್ತಿಕೊಂಡು ಎದ್ದು ಹೋದಳು.

ಇಲ್ಲ ಕಣಮ್ಮಿ, ಇಲ್ಲೇ ಇರ್ತಿದ್ದೆ ಎಂದು ಹೇಳಲು ಕೆಂಪಯ್ಯ ಬಾಯಿ ತೆರೆದ. ಅವಳು ಆ ದೊಡ್ಡ ಕಣ್ಣುಗಳನ್ನು ಅವನ ಮೇಲೆ ಇಟ್ಟು ಕಾಯುತ್ತಿದ್ದಳು. ಅಷ್ಟು ಹೇಳಿದ್ದರೆ ಅವಳಿಗೆ ಸಾಕಾಗಿತ್ತು, ಬೇರೇನೂ ಬೇಕಿರಲಿಲ್ಲ. ಆದರೆ ಆ ಗಂಟು ಬಿಚ್ಚಿದ ದಿನವೇ, ಇನ್ನು ಕೆಲವೇ ದಿನ, ಚಾಪೆ ತಗೊಂಡು ಬಂದ್ಬುಡ್ತೀನಿ ಎಂದು ಅವನು ಕಾಳಯ್ಯನಿಗೆ ಹೇಳಿ ಕಳಿಸಿದ್ದ. ಆಣೆಗೆ ತಪ್ಪದೆ, ಸುಳ್ಳಾಡದೆ ಬದುಕಿದ ಮನುಷ್ಯನ ಬಾಯಿ ತೆರೆದದ್ದು ಹಾಗೇ ಉಳಿಯಿತು.

"ಹೇಳೋಕೆ ಹೋಗ್ಬೇಡಿ," ಎಂದಳು ಪುಟ್ಟತಾಯಮ್ಮ. "ಸುಳ್ಳು ನಿಮಗೆ ಬರಲ್ಲ."

ಅವಳು ತೀರಿಕೊಂಡದ್ದು ಶ್ರಾವಣದಲ್ಲಿ. ಅಲ್ಲಿಯವರೆಗೂ ಅವನು ಮನೆ ಬಿಟ್ಟು ಕದಲಲಿಲ್ಲ. ಕಾಲು ಒತ್ತಿದ, ಗಂಜಿ ಕುಡಿಸಿದ, ತಲೆ ಬಾಚಿದ. ಆ ಒಂದು ಸುಳ್ಳನ್ನು ಹೇಳಿಬಿಡಬೇಕೆಂದು ದಿನವೂ ಅವಳ ಪಕ್ಕ ಕೂರುತ್ತಿದ್ದ, ಹೇಳದೆ ಏಳುತ್ತಿದ್ದ.